ಬ್ಯಾಗಿನ ಅಡಿಯ ಹೊಲಿಗೆ

"ಅಮ್ಮಾ, ನನ್ನ ಪಾಸ್‌ಪೋರ್ಟ್ ಇಲ್ಲ!"

ಈಗ ಮಗಳು ತೆರೆಯುವವರೆಗೂ ಬ್ಯಾಗಿನ ನಂಬರ್ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ನಿನ್ನೆ ಈ ಪರದೇಶದ ಲಾಡ್ಜಿಗೆ ಬಂದಾಗ ಅವಳೇ ಪಾಸ್‌ಪೋರ್ಟನ್ನು ಒಳಗಿಟ್ಟಿದ್ದಳು. ಇಲ್ಲಿ ಒಂದೇ ದಿನದ ತಂಗು. ಮಧ್ಯಾಹ್ನ ಇನ್ನೊಂದು ವಿಮಾನ. ನಾಳೆಯೊಳಗೆ ವೈದ್ಯಕೀಯ ಕಾಲೇಜಿಗೆ ಹಾಜರಾಗದಿದ್ದರೆ ಸೀಟು ಕೈತಪ್ಪುತ್ತದೆ.

ಅವಳನ್ನು ಬಿಟ್ಟುಬರಲು ಹೊರಟಿದ್ದ ಅಮ್ಮ ಊರಿನಲ್ಲಿ ಟೈಲರ್. ಆ ಬ್ಯಾಗನ್ನು ಹೊಲಿದವಳೂ ಅವಳೇ. ಅಮ್ಮ ಬ್ಯಾಗನ್ನು ಬೋರಲು ಹಾಕಿದಳು. ಅಡಿಯ ಅಂಚಿನ ಮೇಲೆ ಬೆರಳಾಡಿಸಿದಳು.

"ಇದು ನನ್ನ ಹೊಲಿಗೆ ಅಲ್ಲ ಕಣೇ. ನಂದು ಮಿಷನ್ನಿಂದು. ಇಲ್ಲಿ ಯಾರೋ ಬಿಚ್ಚಿ, ಕೈಯಲ್ಲಿ ಹೊಲಿದಿದ್ದಾರೆ."

\* \* \*

ಪೊಲೀಸ್ ಅಧಿಕಾರಿಣಿ ಬಂದಳು. ಇಬ್ಬರ ನಡುವೆ ಮಗಳೇ ದುಭಾಷಿ.

ಲಾಡ್ಜಿನ ಮ್ಯಾನೇಜರ್ ತಡಮಾಡದೆ ಹೇಳಿದ: "ನೀವು ಊಟಕ್ಕೆ ಹೋದಾಗ ರೂಮಿಗೆ ಹೋಗಿದ್ದು ಗುಡಿಸುವವಳು ಮಾತ್ರ."

ಆಕೆಯನ್ನು ಕರೆಸಿದರೆ ಜೇಬಿನಲ್ಲಿ ಸೂಜಿದಾರವೂ ಸಿಕ್ಕಿತು. ಆಕೆ ಗಳಗಳ ಅತ್ತಳು.

"ಅಳಬೇಡಮ್ಮ," ಎಂದು ಅಮ್ಮ ಒಂದು ಬಟ್ಟೆಚೂರು ಕೊಟ್ಟಳು. "ನಾಲ್ಕು ಹೊಲಿಗೆ ಹಾಕು, ನೋಡೋಣ."

ಆಕೆ ಬಲಗೈಯಲ್ಲಿ ಹೊಲಿದಳು. ಹೊಲಿಗೆ ಒಂದೇ ಕಡೆಗೆ ವಾಲಿತು.

"ಬ್ಯಾಗಿನದು ಇದಕ್ಕೆ ಉಲ್ಟಾ ವಾಲಿದೆ. ಹೊಲಿದವರು ಎಡಚರು."

ಅಷ್ಟು ಹೊತ್ತಿಗೆ ಮ್ಯಾನೇಜರ್ ಹೇಳಿಕೆ ಬರೆದುಕೊಡುತ್ತಿದ್ದ. ಎಡಗೈಯಲ್ಲಿ. ಮಗಳು ಅಮ್ಮನ ಕಡೆ ನೋಡಿದಳು. ಅಮ್ಮ ಅವನ ಕೋಟನ್ನೇ ನೋಡುತ್ತಿದ್ದಳು.

"ಆ ಮೂರನೇ ಗುಂಡಿ ಯಾರು ಹೊಲಿದಿದ್ದು, ಕೇಳು."

"ನಾನೇ. ಯಾಕೆ?"

"ಮೇಣ ಹಚ್ಚಿದ ಕಂದು ದಾರ, ಎರಡೆಳೆ. ಬ್ಯಾಗಿನ ಅಡಿಯಲ್ಲೂ ಅದೇ ದಾರ. ಗಂಟೂ ಅದೇ."

ಮ್ಯಾನೇಜರ್ ಬಿಳಿಚಿಕೊಂಡ. ಅಧಿಕಾರಿಣಿ ಅವನ ಮೇಜಿನ ಡ್ರಾಯರ್ ತೆಗೆಸಿದಳು. ರಿಜಿಸ್ಟರುಗಳ ಅಡಿಯಲ್ಲಿ ಮಗಳ ಪಾಸ್‌ಪೋರ್ಟ್ ಇತ್ತು. ಜೊತೆಗೆ ಬೇರೆಯವರವು ಇನ್ನೂ ಮೂರು.

\* \* \*

"ಅವನ ಹತ್ತಿರ ಎಲ್ಲ ರೂಮಿನ ಕೀ ಇರುತ್ತೆ," ಅಮ್ಮ ವಿವರಿಸಿದಳು. "ಬೀಗ ಮುರಿದರೆ ತಕ್ಷಣ ಗೊತ್ತಾಗುತ್ತೆ. ಅಡಿಯಲ್ಲಿ ಬಿಚ್ಚಿ ಹೊಲಿದರೆ ನಮಗೆ ಗೊತ್ತಾಗೋದು ವಿಮಾನ ನಿಲ್ದಾಣದಲ್ಲಿ. ದಾರೀಲೆಲ್ಲೋ ಕಳೀತು ಅಂದ್ಕೊಂಡು ಬಾಯಿ ಬಾಯಿ ಬಡ್ಕೋತೀವಿ. ಅವನು ಆರಾಮಾಗಿ ಮಾರ್ಕೋತಾನೆ."

ಗುಡಿಸುವ ಹೆಂಗಸು ಅಮ್ಮನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಅಧಿಕಾರಿಣಿ ಕೇಳಿದಳು: "ನಿಮ್ಮ ತಾಯಿ ನಿಮ್ಮ ದೇಶದಲ್ಲಿ ಪೊಲೀಸಾ?"

ಈ ಪ್ರಶ್ನೆಯನ್ನು ಮಗಳು ಅಮ್ಮನಿಗೆ ಅನುವಾದಿಸಲಿಲ್ಲ. ಎದೆಯುಬ್ಬಿಸಿ ತಾನೇ ಉತ್ತರಿಸಿದಳು.

"ಅಲ್ಲ ಮೇಡಂ. ಟೈಲರ್."

ಅಮ್ಮನಿಗೆ ಆ ಒಂದು ಪದ ಅರ್ಥವಾಯಿತು. ಮಗಳ ಬೆನ್ನಿಗೆ ಮೆಲ್ಲಗೆ ಗುದ್ದಿದಳು.

"ಇದನ್ನೂ ಹೇಳೇ. ನನ್ನ ಮಗಳು ಇನ್ನು ಮನುಷ್ಯರನ್ನೇ ಹೊಲಿಯೋಳು ಅಂತ!"