ಊಟದ ಮೇಜಿಗೆ ಬಂದ ಮಾತು

ಜವುಗು ನೆಲದಿಂದ ಇಟ್ಟಿಗೆಯಂತೆ ಕೊಯ್ದು ಹಾಕಿದ್ದ ಉರುವಲು ಮಣ್ಣಿನ ಹೆಂಟೆಗಳನ್ನು ಬೈರ್ಬ್ರೆ ಒಂದಕ್ಕೊಂದು ಒರಗಿಸಿ ಒಣಗಲು ನಿಲ್ಲಿಸುತ್ತಿದ್ದಳು. ಎದುರು ಸಾಲಿನಲ್ಲಿ ಕೊಲ್ಮಾನನೂ ಅದನ್ನೇ ಮಾಡುತ್ತಿದ್ದ.

ಅವನು ಕದ್ದು ನೋಡಿದ. ಗಾಳಿಗೆ ಕೂದಲು ತುಟಿಗೆ ಅಂಟಿದ್ದರೂ ಅವಳು ಸರಿಸಿಕೊಳ್ಳಲಿಲ್ಲ.

"ಆ ಹೆಂಟೆ ಏನು ತಪ್ಪು ಮಾಡ್ತು, ಹಾಗೆ ಕುಕ್ತೀಯ?"

"ಅದಕ್ಕೆ ಬಾಯಿಲ್ಲ. ಅದೇ ಅದರ ಪುಣ್ಯ."

"ಕ್ಲಾಸಲ್ಲಿ ಆ ಮಾತು ಹೇಳ್ಕೊಟ್ಟೆ ಅಂತ ಈ ಸಿಟ್ಟಾ? ಪಾಠ ಕಣೇ ಅದು! ಡಬ್ಲಿನ್ನಿಂದ ಮಕ್ಕಳು ಬೇಸಿಗೇಲಿ ಬರೋದೇ ನಮ್ಮ ಐರಿಷ್ ಭಾಷೆ ಕಲಿಯೋಕೆ. ಪ್ರೀತಿಯಿಂದ ಹೇಗೆ ಕರೀತೀರಿ ಅಂತ ಕೇಳಿದ್ರು. 'ಅ ಸ್ಟೋರ್' ಅಂದ್ರೆ ಕೂಡಿಟ್ಟ ನಿಧಿ, 'ಅ ರೂನ್' ಅಂದ್ರೆ ಗುಟ್ಟು ಅಂತ ಬೋರ್ಡ್ ಮೇಲೆ ಬರೆದೆ."

"ಅಲ್ಲಿಗೇ ನಿಲ್ಲಿಸ್ಬೇಕಿತ್ತು, ಮೇಷ್ಟ್ರೇ."

ಅವನು ನಿಲ್ಲಿಸಿರಲಿಲ್ಲ. 'ಅ ಖುಶ್ಲೆ' ಎಂದರೆ ನಾಡಿ, 'ನನ್ನೆದೆಯ ನಾಡಿಯೇ' ಎಂಬ ಹಳೆಯ ಮಾತು ಸವೆದು ಇಷ್ಟಾಗಿದೆ ಎಂದು ವಿವರಿಸಿದ್ದ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಹೇಳಬೇಕೆಂದೂ ಕಲಿಸಿದ್ದ. ಹಾಗೆ ಬೆರಳಿಟ್ಟು ಕರೆಯುವುದು ಬೈರ್ಬ್ರೆಯ ಮನೆಯದು. ಅವಳಮ್ಮ ನೋನಾ, ಅಪ್ಪನ ಕೊನೆಯ ವಾರವಿಡೀ ಹಾಗೆ ಕೈಹಿಡಿದೇ ಕರೆಯುತ್ತಿದ್ದಳು, ನಾಡಿ ನಿಲ್ಲುವವರೆಗೂ. ಈಸ್ಟರ್ ದಿನ ಬೈರ್ಬ್ರೆ ನಾಚಿಕೆ ನುಂಗಿಕೊಂಡು, ತಾನು ಮದುವೆಯಾಗಲಿದ್ದ ಕೊಲ್ಮಾನನನ್ನು ಹಾಗೆ ಕರೆದಿದ್ದಳು. ಒಂದೇ ಒಂದು ಸಲ.

"ನಮ್ಮನೇಲಿ ನಿನ್ನ ಕ್ಲಾಸಿನ ಆರು ಹುಡುಗೀರು ಉಳ್ಕೊಂಡಿದಾರೆ, ಗೊತ್ತಿತ್ತಲ್ಲ? ನಿನ್ನೆ ಊಟದಲ್ಲಿ ಒಬ್ಬಳು ಅಮ್ಮನ ಮಣಿಕಟ್ಟು ಹಿಡಿದು, 'ಅ ಖುಶ್ಲೆ, ಇನ್ನೆರಡು ಆಲೂಗಡ್ಡೆ' ಅಂದ್ಲು. ಎಲ್ರೂ ನಕ್ರು. ಅಮ್ಮ ಸೌಟಿಟ್ಟು ಕೋಣೆಗೆ ಹೋದೋಳು ಇನ್ನೂ ಆಚೆ ಬಂದಿಲ್ಲ."

ಕೊಲ್ಮಾನನ ಮುಖ ಬಿಳಿಚಿತು. "ನಂಗೆ ಹೊಳೀಲೇ ಇಲ್ಲ..."

"ಗುಟ್ಟು ಅನ್ನೋ ಪದ ಊರಿಗೆಲ್ಲ ಹೇಳ್ಕೊಡ್ತೀಯ. ಗುಟ್ಟು ಕಾಯೋಕೆ ಮಾತ್ರ ಬರಲ್ಲ!"

ಅವನು ಕೈ ಚಾಚಿದ. ಅವಳು ಹಿಂದೆ ಸರಿದಳು.

"ಮುಟ್ಬೇಡ. ಅಮ್ಮ ಬಾಗಿಲು ತೆಗೆದು ನಿನ್ನ ಮುಖ ನೋಡಿದ್ರೆ ನಮಗೆ ಸೆಪ್ಟೆಂಬರ್‌ಗೆ ಮದುವೆ. ಇಲ್ಲಾಂದ್ರೆ ಇಲ್ಲ."

ಅವನು ಕೆಸರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಮನೆಯ ಕಡೆ ಹೊರಟ. ಹಿಂದೆ ಹೋಗಬಾರದು ಎಂದುಕೊಂಡೇ ಬೈರ್ಬ್ರೆ ಹೋದಳು. ತನ್ನ ಕಾಲಿನ ಮೇಲೂ ಅವಳಿಗೆ ಸಿಟ್ಟು ಬಂತು.

ನೋನಾಳ ಕೋಣೆಯ ಮುಚ್ಚಿದ ಬಾಗಿಲ ಮುಂದೆ ಅವನು ಟೋಪಿ ತೆಗೆದ.

"ನೋನಾ ಅಮ್ಮಾ, ನಾನು ಕೊಲ್ಮಾನ್. ಆ ಮಾತು ನನ್ನದಲ್ಲ. ಹಂಚೋಕೆ ನನಗೆ ಹಕ್ಕಿರಲಿಲ್ಲ."

ಒಳಗೆ ಮಂಚ ಕಿರುಗುಟ್ಟಿ ಸುಮ್ಮನಾಯಿತು. ಬೈರ್ಬ್ರೆ ಕೈಕಟ್ಟಿ ನಿಂತಳು.

"ಬಾಗಿಲು ತೆಗೀರಿ, ಅಮ್ಮಾ," ಎಂದು ಕೊಲ್ಮಾನ್ ಮತ್ತೆ ಕೇಳಿಕೊಂಡ.