ಮೂರನೆಯ ಕಾರು

2025ರ ಫೆಬ್ರುವರಿ 11, ಮಂಗಳವಾರ, ಬೆಳಿಗ್ಗೆ 10.40. ರಾಮಮೂರ್ತಿ ನಗರದ ಬಾಡಿಗೆ ಕೋಣೆಯಿಂದ ಕಾವೇರಿ ಎಂಬ ಹೆಂಗಸು ಠಾಣೆಗೆ ಬಂದಳು. ಅವಳ ಗಂಡ ಶಿವಪುತ್ರ ಕಾರು ಓಡಿಸುತ್ತಿದ್ದವನು. ಭಾನುವಾರ ಹಳೆ ಮದ್ರಾಸ್ ರಸ್ತೆಯ ಮೇಲ್ಸೇತುವೆ ಇಳಿಯುವಾಗ, ನಿಂತಿದ್ದ ಲಾರಿಗೆ ಗುದ್ದಿ ಸತ್ತಿದ್ದ. ಎಫ್‌ಐಆರ್‌ನಲ್ಲಿ ಆರೋಪಿಯೂ ಅವನೇ: ಅತಿವೇಗ, ನಿರ್ಲಕ್ಷ್ಯ.

“ಶುಕ್ರವಾರನೇ ಗಾಡಿ ಬುಡಕ ಎಣ್ಣಿ ಸೋರ್ಲಾಕತ್ತದ ಅಂದಿದ್ರು ರೀ ಮೇಡಂ. ಗ್ಯಾರೇಜಿಗೂ ಒಯ್ದಿದ್ರು. ಅವರ ತಪ್ಪು ಹೆಂಗಾಗ್ತದ?”

ಇನ್ಸ್‌ಪೆಕ್ಟರ್ ಸಂಘಮಿತ್ರಾ ವಾಹನ ನಿರೀಕ್ಷಕರಿಗೆ ಫೋನ್ ಮಾಡಿದಳು. ಜಜ್ಜಿಹೋದ ಕಾರು ಠಾಣೆಯ ಹಿಂದೆಯೇ ಬಿದ್ದಿತ್ತು. ಮಧ್ಯಾಹ್ನ ಪಂಚರ ಎದುರು ವಾಹನ ನಿರೀಕ್ಷಕರು ಅದರಡಿಗೆ ತೂರಿದರು. ಬ್ರೇಕ್ ಪೈಪು ಸೀಳಿತ್ತು. ಸೀಳಿನ ಮೇಲೆ ಸುತ್ತಿದ್ದ ಕಪ್ಪು ಟೇಪು ಬಿಚ್ಚಿಕೊಂಡಿತ್ತು. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಒಂದು ಹನಿಯೂ ಇರಲಿಲ್ಲ. ಹೆಡ್ ಕಾನ್ಸ್‌ಟೇಬಲ್ ರಾಮಾಂಜಿನಪ್ಪ ಪಂಚನಾಮೆ ಬರೆದು ಟೇಪನ್ನು ಜಪ್ತಿ ಮಾಡಿದ.

ಸಂಜೆ 4.15, ಶಿವಪುತ್ರ ಕಾರು ಒಯ್ದಿದ್ದ ಮರ್ಫಿ ಟೌನ್‌ನ ಗ್ಯಾರೇಜು. ಮೆಕ್ಯಾನಿಕ್ ನರೇಶ್ ಟೇಪು ನೋಡಿದ್ದೇ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

“ಸೋರ್ತಿದ್ದಿದ್ದು ಏನು?”

“ಬ್ರೇಕ್ ಆಯಿಲ್ ಮೇಡಂ. ಇಂಜಿನ್ ಆಯಿಲ್ ಆದ್ರೆ ಕಪ್ಪಗಿರುತ್ತೆ. ಇದು ತೆಳ್ಳಗೆ, ಹಳದಿ. ಪೈಪ್ ಬದಲಾಯಿಸ್ಬೇಕು, ಸೋಮವಾರ ಬರುತ್ತೆ, ಅಲ್ಲೀವರ್ಗೂ ಗಾಡಿ ಎತ್ಬೇಡಿ ಅಂತ ಓನರ್‌ಗೆ ಫೋನ್ ಮಾಡ್ದೆ.”

“ಅವ್ರೇನಂದ್ರು?”

“ಟೇಪ್ ಸುತ್ತಿ ಆಯಿಲ್ ತುಂಬಿ ಕಳ್ಸು, ಡ್ರೈವರ್‌ಗೆ ಏನೂ ಹೇಳ್ಬೇಡ ಅಂದ್ರು.”

“ಶಿವಪುತ್ರ ಕೇಳ್ಲಿಲ್ವಾ?”

“ಸರಿಹೋಯ್ತಾ ಗುರು ಅಂತ ಕೇಳ್ದ.” ನರೇಶ್ ತಲೆ ತಗ್ಗಿಸಿದ. “ಹೂಂ ಅಂದ್ಬಿಟ್ಟೆ.”

ಮನಸ್ಸು ತಡೆಯದೆ ಅವನು ಶನಿವಾರ ಮಾಲೀಕನಿಗೆ ವಾಟ್ಸ್ಯಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದ್ದ: ‘ಅಣ್ಣ, ಇಳಿಜಾರಲ್ಲಿ ಬ್ರೇಕ್ ಹಿಡಿಯಲ್ಲ.’ ಮಾಲೀಕ ಅದನ್ನು ಕೇಳಿಸಿಕೊಂಡಿದ್ದ ಗುರುತು ಫೋನಿನಲ್ಲಿತ್ತು.

ಮಾಲೀಕ ಕೆಂಪರಾಜ್ ಕೆ.ಆರ್. ಪುರದವನು, ಹಳೆಯ ಜಮೀನುದಾರರ ಮನೆತನ. ಭಾನುವಾರ ಹಲಸೂರಿನ ಛತ್ರದಲ್ಲಿ ಮಗಳು ನಿಖಿತಾಳ ನಿಶ್ಚಿತಾರ್ಥವಿತ್ತು. ಶಿವಪುತ್ರ ಸತ್ತಿದ್ದು ಅಲ್ಲಿಗೆ ಹೋಗುವ ದಾರಿಯಲ್ಲೇ. ಬುಧವಾರದ ವಿಚಾರಣೆಯಲ್ಲಿ ಅವನದು ಒಂದೇ ಮಾತು. “ಮೆಸೇಜ್ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಗಡಿಬಿಡಿ ನೋಡಿ.”

ಅಷ್ಟಕ್ಕೇ ನಿಂತರೆ ಅದು ನಿರ್ಲಕ್ಷ್ಯದ ಪ್ರಕರಣ. ಜಾಮೀನು ಸಿಕ್ಕು ಸಂಜೆಗೆ ಮನೆ ಸೇರುತ್ತಿದ್ದ. ಸಂಘಮಿತ್ರಾ ಮಗಳನ್ನು ಬೇರೆಯಾಗಿ ಕೂರಿಸಿ ಕೇಳಿದಳು.

“ನೀವು ಯಾವ ಕಾರಲ್ಲಿ ಹೋದ್ರಿ?”

“ಫಸ್ಟ್ ಶಿವಪುತ್ರ ಅಣ್ಣನ ಕಾರಲ್ಲೇ ಕೂತಿದ್ದೆ. ಅಪ್ಪ ಬಂದು ಡೋರ್ ತೆಗೆದ್ರು. ತಟ್ಟೆಗಳ ಮಧ್ಯೆ ಸೀರೆ ಮುದುಡುತ್ತೆ, ಇಳಿ, ನನ್ ಕಾರಿಗೆ ಬಾ ಅಂದ್ರು.”

“ತಟ್ಟೆಗಳು ಯಾವ ಕಾರಲ್ಲಿದ್ವು?”

“ಅಪ್ಪನ ಕಾರಲ್ಲಿ,” ಎಂದಳು. ಆಮೇಲೆ, “ಅಂದ್ರೆ ಅಪ್ಪಂಗೆ ಮೊದ್ಲೇ ಗೊತ್ತಿತ್ತಾ?” ಎಂದು ಕೇಳಿದಳು.

ಆ ಹೇಳಿಕೆಯ ಮೇಲೆ, ಸಾವು ಬರಬಹುದೆಂದು ತಿಳಿದೂ ಮಾಡಿದ ನರಹತ್ಯೆಯ ಕಲಂಗೆ ಪ್ರಕರಣ ಬದಲಾಯಿತು. ಸುಳ್ಳು ಹೇಳಿ ಕಾರು ಕೊಟ್ಟ ನರೇಶ್ ಎರಡನೇ ಆರೋಪಿಯಾದ. ಫೆಬ್ರುವರಿ 13ರ ಬೆಳಿಗ್ಗೆ 9.20ಕ್ಕೆ ಕೆಂಪರಾಜ್‌ನನ್ನು ಮನೆಯಲ್ಲೇ ಬಂಧಿಸಿದರು.

“ಆ ಕಾರು ಬಿಟ್ಟು ಹೋಗ್ಬಹುದಿತ್ತಲ್ಲ?” ಸಂಘಮಿತ್ರಾ ಜೀಪಿನಲ್ಲಿ ಕೇಳಿದಳು.

“ಮೂರು ಕಾರಲ್ಲಿ ಬರ್ತೀವಿ ಅಂತ ಬೀಗರಿಗೆ ಹೇಳ್ಬಿಟ್ಟಿದ್ದೆ.”

“ಎರಡೇ ಹೋದ್ವಲ್ಲ. ಏನ್ ಹೇಳಿದ್ರಿ ಅವ್ರಿಗೆ?”

ಕೆಂಪರಾಜ್ ಕಿಟಕಿಯ ಕಡೆ ತಿರುಗಿದ. “ಒಂದು ಪಂಕ್ಚರ್ ಆಗಿದೆ ಅಂದೆ. ಸುದ್ದಿ ಬಂದಾಗ ಊಟ ನಡೀತಿತ್ತು.”