ಹನ್ನೆರಡು ಮೀಟರ್ ಆಳ

"ಇದೂ ಬೇಡ," ಎಂದ ಲಿಫ್ಟ್ ಮೆಕ್ಯಾನಿಕ್.

ಕನ್ನಡಕದಂಗಡಿಯವಳು ಮೌಸ್ ಬಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ಇದಕ್ಕೇನಾಗಿದೆಯೋ ಧಾಡಿ?"

"ನೀರಿನ ಸೆಳೆತ ಜಾಸ್ತಿ ಅಂತ ಯಾರೋ ಬರೆದಿದ್ದಾರೆ ನೋಡು."

"ಯಾರೋ ಒಬ್ಬ! ಉಳಿದವರೆಲ್ಲ ಸ್ವರ್ಗ ಅಂತ ಬರೆದಿದ್ದಾರೆ, ಅದು ನಿನ್ನ ಕಣ್ಣಿಗೆ ಬೀಳಲ್ವಾ?"

ಅವನು ಪರದೆಯನ್ನೇ ನೋಡುತ್ತ ನಕ್ಕ. ನಗುವಾಗ ಅವನ ಕೆನ್ನೆಯಲ್ಲಿ ಮೂಡುವ ಗೆರೆ ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಕಾಟ ಕೊಡುವ ಮನುಷ್ಯ ನೋಡಲಾದರೂ ಕೆಟ್ಟದಾಗಿರಬೇಕಿತ್ತು.

ಸ್ಕೂಬಾ ಡೈವಿಂಗ್ ಮಾಡಬಹುದಾದ ಜಾಗಗಳನ್ನೆಲ್ಲ ಒಟ್ಟು ಹಾಕಿದ್ದ ವೆಬ್‌ಸೈಟ್ ಅದು. ಆಳ ಎಷ್ಟು, ನೀರು ಎಷ್ಟು ತಿಳಿ, ಆಮೆ ಕಾಣುತ್ತದೋ ಇಲ್ಲವೋ, ಎಲ್ಲವೂ ಅದರಲ್ಲಿತ್ತು. ಇಳಿದು ಬಂದವರು ಕೊಟ್ಟ ಸ್ಟಾರ್‌ಗಳೂ ಇದ್ದವು. ಸಮುದ್ರಕ್ಕೆ ಒಬ್ಬರೇ ಇಳಿಯುವಂತಿಲ್ಲ, ಜೊತೆಗಾರರು ಬೇಕೇ ಬೇಕು. ಡೈವಿಂಗ್ ಕ್ಲಬ್ ಸೇರಿದಾಗಿನಿಂದ ಅವಳ ಜೊತೆಗಾರ ಇವನೇ. ಆಗೆಲ್ಲ ತೋರಿಸಿದ ಜಾಗಕ್ಕೆ ಹೂಂ ಎನ್ನುತ್ತಿದ್ದ ಪ್ರಾಣಿ, ಈ ಸಲ ಮಾತ್ರ ಭಾನುವಾರದ ಮೇಲೆ ಭಾನುವಾರ ಅವಳ ಮನೆಯ ಊಟದ ಮೇಜಿನ ಮುಂದೆ ಕೂತು ಒಂದಲ್ಲ ಒಂದು ತಕರಾರು ತೆಗೆಯುತ್ತಿದ್ದ.

ವಾರವಿಡೀ ಅಂಗಡಿಯಲ್ಲೂ ಅವಳಿಗೆ ಇದೇ ಕೆಲಸ. ಗಿರಾಕಿಯ ಕಣ್ಣ ಮುಂದೆ ಒಂದೊಂದೇ ಗಾಜು ಇಟ್ಟು, ಇದು ಸ್ಪಷ್ಟವಾ, ಅದಾ ಎಂದು ಕೇಳುವುದು. ಎಂಥ ಹಟಮಾರಿ ಅಜ್ಜಂದಿರೂ ಕೊನೆಗೆ ಒಂದನ್ನು ಒಪ್ಪಿಕೊಳ್ಳುತ್ತಿದ್ದರು.

"ನೀವು ಜಾಗ ಆರಿಸೋ ಹೊತ್ತಿಗೆ ಸಮುದ್ರಾನೇ ಬತ್ತಿರತ್ತೆ ಕಣಪ್ಪ," ಎಂದರು ಅವಳ ಚಿಕ್ಕಮ್ಮ, ಪಕ್ಕದಲ್ಲಿ ಬಟ್ಟೆ ಮಡಚುತ್ತ.

ಅವಳಿಗೆ ನಗು ಬರಲಿಲ್ಲ. ಈ ಪ್ರವಾಸದಲ್ಲಿ, ದೋಣಿಯಲ್ಲಿ ವಾಪಸ್ ಬರುವಾಗ, ಮನಸ್ಸಿನಲ್ಲಿರುವುದನ್ನು ಅವನಿಗೆ ಹೇಳಿಬಿಡಬೇಕೆಂದು ಅವಳು ಎಂದೋ ತೀರ್ಮಾನಿಸಿದ್ದಳು. ದೋಣಿ ಹಾಗಿರಲಿ, ಹೋಗುವ ಊರೇ ಗೊತ್ತಾಗುವ ಹಾಗಿರಲಿಲ್ಲ. ತನ್ನ ಜೊತೆ ಬರಲು ಇವನಿಗೆ ಮನಸ್ಸಿಲ್ಲ, ಬಾಯಿ ಬಿಟ್ಟು ಹೇಳುವ ಧೈರ್ಯವೂ ಇಲ್ಲ ಎಂಬ ಅನುಮಾನ ಅವಳನ್ನು ಒಳಗೇ ಕೊರೆಯುತ್ತಿತ್ತು.

ಅವಳು ಪಟಪಟನೆ ಮೌಸ್ ಒತ್ತಿದಳು. ಆಳ ಕಡಿಮೆ ಇರಲಿ, ಸೆಳೆತ ಬೇಡ, ನೀರು ತಿಳಿಯಾಗಿರಲಿ. ಕೊನೆಗೆ ಪರದೆಯ ಮೇಲೆ ಒಂದೇ ಒಂದು ಜಾಗ ಉಳಿಯಿತು.

"ಹನ್ನೆರಡು ಮೀಟರ್. ಸೆಳೆತ ಇಲ್ಲ. ಆಮೆ ಇದೆ. ದಡದಲ್ಲಿ ಟಾಯ್ಲೆಟ್ ಕೂಡ ಕ್ಲೀನ್ ಅಂತೆ. ಈಗ ಬೊಗಳು."

ಅವನು ಪರದೆಯ ಹತ್ತಿರ ಬಾಗಿ ನೋಡಿದ. "ಸ್ವಲ್ಪ ಆಳ ಆಯ್ತೇನೋ."

ಚಿಕ್ಕಮ್ಮ ಬಟ್ಟೆಗಳನ್ನು ಎತ್ತಿಕೊಂಡು ಸದ್ದಿಲ್ಲದೆ ಒಳಗೆ ಹೋದರು.

"ಆಳಾನಾ? ಮೂವತ್ತು ಮೀಟರ್ ಇಳಿದು ಬಂದವನು ನೀನು! ಇದು ಹೊಸಬರಿಗೆ ಪಾಠ ಹೇಳ್ಕೊಡೋ ಜಾಗ ಕಣೋ." ಅವಳು ಮೌಸನ್ನು ಅವನತ್ತ ತಳ್ಳಿದಳು. "ನನ್ನ ಜೊತೆ ಬರೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳು. ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗ್ತೀನಿ."

"ಕರ್ಕೊಂಡು ಹೋಗು." ಅವನ ಮುಖ ಸಣ್ಣಗಾಗಿತ್ತು. "ನಾನು ಇಳಿಯೋ ಹಾಗಿಲ್ಲ."

"ಅಂದ್ರೆ?"

"ಹೋದ ಸಲ ವಾಪಸ್ ಬಂದ ಮೇಲೆ ಕಿವಿ ನೋವು ಅಂದಿದ್ನಲ್ಲ. ಒಳಗೆ ಪೆಟ್ಟಾಗಿದೆಯಂತೆ. ಇನ್ನು ಡೈವಿಂಗ್ ಮರೆತುಬಿಡಿ ಅಂದ್ರು ಡಾಕ್ಟರು."

"ಮತ್ತೆ ಇಷ್ಟು ವಾರ ಯಾಕೆ ನನ್ನ ತಲೆ ತಿಂದೆ?"

ಅವನು ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದ. "ನೀರಿಗಿಳಿಯೋಕೆ ಆಗದವನು ನಿಂಗೆ ಜೊತೆಗಾರ ಹೇಗಾಗ್ತಾನೆ? ಜೊತೆಗಾರ ಅಲ್ಲದಿದ್ರೆ ಈ ಮನೆ ಬೆಲ್ ಒತ್ತೋಕೆ ನನ್ನ ಹತ್ರ ಏನು ಕಾರಣ ಇದೆ? ಜಾಗ ಸಿಕ್ಕಿದ ದಿನ ನೀನು ಹೊರಟುಬಿಡ್ತೀಯ. ಅದಕ್ಕೇ, ಸಿಗದೇ ಇರ್ಲಿ ಅಂತ..."

ಅವಳಿಗೆ ಅವನ ಕಿವಿ ಹಿಂಡಬೇಕೆನಿಸಿತು. ಪಾಪ, ಪೆಟ್ಟಾಗಿರುವುದೇ ಅಲ್ಲಿಗಲ್ಲವೇ ಎಂದು ತಡೆದುಕೊಂಡಳು. ಉಕ್ಕಿ ಬಂದ ನಗುವನ್ನು ಮಾತ್ರ ತಡೆಯಲಾಗಲಿಲ್ಲ.

"ಪೆದ್ದ! ನೀರೊಳಗೆ ಮಾತಾಡೋಣ ಅಂದ್ರೆ ಬಾಯಲ್ಲಿ ಕೊಳವೆ. ಮೇಲೆ ಬಂದ್ರೆ ನೀನು ಮೀನುಗಳ ಹೆಸರು ಹೇಳೋಕೆ ಶುರು ಮಾಡ್ತೀಯ. ನಾನು ಯಾವಾಗಪ್ಪ ಹೇಳಬೇಕಿತ್ತು?"

"ಏನನ್ನ?"

"ಏನನ್ನ ಅಂತ ಬೇರೆ ಕೇಳ್ತಾನೆ! ನೀನಂದ್ರೆ ಇಷ್ಟ ಅಂತ. ಸಿಟ್ಟು ಬರೋಷ್ಟು ಇಷ್ಟ ಅಂತ."

ಅವನು ಆಗಷ್ಟೇ ಪರದೆ ಬಿಟ್ಟು ಅವಳತ್ತ ತಿರುಗಿದ. ದಿನಕ್ಕೆ ಎಷ್ಟೋ ಜನರ ಕಣ್ಣುಗಳನ್ನು ಅಷ್ಟೇ ಹತ್ತಿರದಿಂದ ನೋಡುವವಳು ಅವಳು. ಆದರೂ ಈ ಎರಡು ಕಣ್ಣುಗಳನ್ನು ದಿಟ್ಟಿಸಲಾಗದೆ ತಲೆ ತಗ್ಗಿಸಿದಳು. ಅವನ ಕೈ ಮೌಸ್ ಬಿಟ್ಟು ಅವಳ ಬೆರಳುಗಳನ್ನು ಹುಡುಕಿಕೊಂಡು ಬಂತು.

"ಹನ್ನೆರಡು ಮೀಟರ್ ಸಾಕು," ಎಂದಳು ಕೊನೆಗೆ. "ಕ್ಲಬ್ಬಿನ ಟೀಚರ್ ಜೊತೆ ಇಳೀತೀನಿ. ನೀನು ದೋಣೀಲಿ ಕೂತು ಕಾಯಿ. ತಕರಾರು ತೆಗೆದ್ರೆ ನೋಡು."

"ಏನೂ ತಕರಾರಿಲ್ಲ."

ಸಂಜೆ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದವನು ಎಷ್ಟು ಹೊತ್ತಾದರೂ ಲೇಸ್ ಕಟ್ಟಿ ಮುಗಿಸಲಿಲ್ಲ. ಅವಳು ಬಾಗಿಲಿಗೆ ಒರಗಿ ನಿಂತಳು.

"ಮುಂದಿನ ಭಾನುವಾರ ಯಾವುದನ್ನ ನೋಡೋಣ?" ಎಂದ. "ಜಾಗ ಅಂತೂ ಸಿಕ್ಕಿಬಿಡ್ತು. ಬರೋಕೆ ಏನಾದ್ರೂ ಬೇಕಲ್ಲ?"

"ಅಯ್ಯೋ ದೇವರೇ," ಎಂದು ಹಣೆ ಚಚ್ಚಿಕೊಂಡಳು. "ಏನೂ ಬೇಡ ಕಣೋ. ಸುಮ್ನೆ ಬಾ."